ಥೀಡಾ ಬಾರಾ ಅವರ ‘ಕಮೀಲ್’ (1917): ಕಥೆ ಉಳಿದಿದೆ, ಸಿನಿಮಾ ಹೋಗಿದೆ. ನಿಜವಾಗಿ ಹೋಗಿದ್ದು ಏನು?

ಬೆಳ್ಳಿತೆರೆ ಪ್ರೇಮಿ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಕಳೆದುಹೋದ ಮೂಕಿ ಚಿತ್ರಗಳ ಬಗ್ಗೆ ಓದುತ್ತಿದ್ದೇನೆ. ಅದರಲ್ಲಿ ಒಂದು ಚಿತ್ರ ತಲೆಯಿಂದ ಹೋಗುತ್ತಲೇ ಇಲ್ಲ. 1917ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಫಾಕ್ಸ್ ಕಂಪನಿ ಬಿಡುಗಡೆ ಮಾಡಿದ ‘ಕಮೀಲ್’. ಫ್ರೆಂಚ್ ಲೇಖಕ ಅಲೆಕ್ಸಾಂಡರ್ ಡ್ಯೂಮಾ 1848ರಲ್ಲಿ ಬರೆದ ‘ಕ್ಯಾಮೆಲಿಯಾ ಹೂವಿನ ಹೆಣ್ಣು’ ಕಾದಂಬರಿಯ ಕಥೆ ಅದು. ‘ಮಾಂಟೆ ಕ್ರಿಸ್ಟೋ’ ಬರೆದ ಡ್ಯೂಮಾ ಅಲ್ಲ, ಅವರ ಮಗ. ಅಪ್ಪ ಮಗ ಇಬ್ಬರಿಗೂ ಒಂದೇ ಹೆಸರು.

ನಿರ್ದೇಶಕರು ಜೆ. ಗಾರ್ಡನ್ ಎಡ್ವರ್ಡ್ಸ್. ನಾಯಕಿ ಮಾರ್ಗರೀತ್ ಆಗಿ ಥೀಡಾ ಬಾರಾ, ಅವಳ ಪ್ರಿಯಕರ ಅರ್ಮಾನ್ ಆಗಿ ಆಲ್ಬರ್ಟ್ ರಾಸ್ಕೋ. ಆ ಕಾಲಕ್ಕೆ ದೊಡ್ಡ ಚಿತ್ರ. ಈಗ ಸ್ಟಿಲ್ ಫೋಟೋಗಳಿವೆ, ಜಾಹೀರಾತುಗಳಿವೆ, ಪತ್ರಿಕೆಗಳ ವಿಮರ್ಶೆಗಳಿವೆ. ಸಿನಿಮಾ ಮಾತ್ರ ಇಲ್ಲ.

ಇದನ್ನು ಸ್ನೇಹಿತನಿಗೆ ಹೇಳಿದೆ. ಅವನು ಕೇಳಿದ ಪ್ರಶ್ನೆ ಇದು: "ಕಾದಂಬರಿ ಸಿಗುತ್ತೆ. ನಾಜಿಮೋವಾ ಮತ್ತು ವ್ಯಾಲೆಂಟಿನೊ ಮಾಡಿದ 1921ರ ಕಮೀಲ್ ಸಿಗುತ್ತೆ. ಗ್ರೆಟಾ ಗಾರ್ಬೋ ಮಾಡಿದ 1936ರ ಟಾಕಿ ಸಿಗುತ್ತೆ. ಹಾಗಿದ್ದರೆ ಹೋಗಿದ್ದು ಏನು?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನೀವು ಏನು ಹೇಳುತ್ತೀರಿ?

ಕಾಫಿತೋಟ

ನಿಮ್ಮ ಸ್ನೇಹಿತರ ಮಾತೇ ಸರಿ ಅನ್ನಿಸುತ್ತದೆ ಸರ್. ಕ್ಲಾರಾ ಕಿಂಬಾಲ್ ಯಂಗ್ ಮಾಡಿದ 1915ರ ಕಮೀಲ್ ಕೂಡ ಇದೆ. ವೆರ್ಡಿಯವರ ‘ಲಾ ಟ್ರಾವಿಯಾಟಾ’ ಸಂಗೀತ ನಾಟಕವೂ ಇದೇ ಕಥೆ. 1853ರಿಂದ ಇವತ್ತಿನವರೆಗೂ ಅದನ್ನು ಆಡುತ್ತಲೇ ಇದ್ದಾರೆ. ಇಷ್ಟು ಸಲ ಹೇಳಿದ ಕಥೆಯಲ್ಲಿ ಒಂದು ಸಲದ್ದು ಹೋಯಿತು. ಬೇಜಾರು ಹೌದು, ಆದರೆ ಕಥೆ ಬದುಕಿದೆಯಲ್ಲ. ನಮ್ಮಲ್ಲಿ ಯಾರೂ ನೋಡದ ಚಿತ್ರ ಅದು. ನೋಡದೇ ಇರುವುದಕ್ಕಾಗಿ ಇಷ್ಟು ಹಂಬಲಿಸುವುದು ನನಗೆ ಪೂರ್ತಿ ಅರ್ಥವಾಗುತ್ತಿಲ್ಲ. ಜಗಳಕ್ಕೆ ಹೇಳುತ್ತಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳುತ್ತಿದ್ದೇನೆ.

ಓದುಗಿ ಧಾರವಾಡ

ಕಾಫಿತೋಟ ಅವರೇ, ಮೊದಲು ಕಾದಂಬರಿಯ ಹತ್ತಿರ ಬರೋಣ. ನಿಮ್ಮ ಪ್ರಶ್ನೆಗೆ ಅದರೊಳಗೇ ಒಂದು ಉತ್ತರ ಇದೆ.

ಆ ಕಾದಂಬರಿ ಶುರುವಾಗುವುದು ಪ್ರೀತಿಯಿಂದಲ್ಲ, ಹರಾಜಿನಿಂದ. ಪ್ಯಾರಿಸ್ಸಿನಲ್ಲಿ ಒಬ್ಬಳು ವೇಶ್ಯೆ ಸತ್ತಿದ್ದಾಳೆ, ಅವಳೇ ಮಾರ್ಗರೀತ್. ಮೈತುಂಬ ಸಾಲ ಮಾಡಿಕೊಂಡಿದ್ದಳು. ಅವಳ ಮಂಚ, ಕನ್ನಡಿ, ಬಾಚಣಿಗೆ, ಒಡವೆ ಎಲ್ಲ ಮಾರಾಟಕ್ಕಿವೆ. ಅವಳು ಬದುಕಿದ್ದಾಗ ಆ ಮನೆಯ ಹೊಸ್ತಿಲು ತುಳಿಯದ ದೊಡ್ಡ ಮನೆತನದ ಹೆಂಗಸರು ಈಗ ಬಂದು ಒಂದೊಂದು ಸಾಮಾನನ್ನೂ ಎತ್ತಿ ನೋಡುತ್ತಿದ್ದಾರೆ. ಕಥೆ ಹೇಳುವವನು ಅವಳನ್ನು ದೂರದಿಂದ ಕಂಡವನು, ಅಷ್ಟೇ. ಅವನು ಅಲ್ಲಿ ಒಂದು ಹಳೆಯ ಪುಸ್ತಕವನ್ನು 100 ಫ್ರಾಂಕ್ ಕೊಟ್ಟು ಕೊಳ್ಳುತ್ತಾನೆ. ಆ ಪುಸ್ತಕ ಹುಡುಕಿಕೊಂಡು ಅರ್ಮಾನ್ ಬರುತ್ತಾನೆ. ಆಮೇಲೆ ಪುಸ್ತಕದ ಮೇಲಿನ ಒಂದು ಸಾಲು, ಅರ್ಮಾನ್ ಹೇಳುವ ನೆನಪು, ಕಾಗದಗಳು, ಕೊನೆಯ ದಿನಗಳಲ್ಲಿ ಅವಳು ಬರೆದಿಟ್ಟ ಹಾಳೆಗಳು. ಇಷ್ಟರಿಂದಲೇ ಮಾರ್ಗರೀತ್ ನಮಗೆ ಸಿಗುತ್ತಾಳೆ.

ಒಂದು ದೃಶ್ಯ ನನ್ನನ್ನು ಬಹಳ ದಿನ ಕಾಡಿತು. ಅವಳ ಸಮಾಧಿಯನ್ನು ಬೇರೆ ಜಾಗಕ್ಕೆ ಬದಲಿಸಬೇಕು ಅನ್ನುವ ನೆಪದಲ್ಲಿ ಅರ್ಮಾನ್ ಶವವನ್ನು ಹೊರಗೆ ತೆಗೆಸುತ್ತಾನೆ. ಅವನಿಗೆ ಆ ಮುಖ ಇನ್ನೊಂದೇ ಒಂದು ಸಲ ನೋಡಬೇಕು. ಪೆಟ್ಟಿಗೆ ತೆರೆಯುತ್ತಾರೆ. ಬಟ್ಟೆ ಸರಿಸುತ್ತಾರೆ. ಅಲ್ಲಿ ಮುಖ ಉಳಿದಿಲ್ಲ.

ಇದು ಸುಮ್ನೆ ಕಟ್ಟಿದ ಕಥೆಯೂ ಅಲ್ಲ. ಮಾರಿ ಡ್ಯುಪ್ಲೆಸಿ ಅನ್ನುವ ಹೆಣ್ಣುಮಗಳು ನಿಜವಾಗಿ ಇದ್ದಳು. ನಾರ್ಮಂಡಿಯ ಬಡ ಹುಡುಗಿ. ಡ್ಯೂಮಾ ಅವಳನ್ನು ಪ್ರೀತಿಸಿದ್ದರು. ಇಬ್ಬರೂ 1824ರಲ್ಲಿ ಹುಟ್ಟಿದವರು. ಅವಳು 1847ರ ಫೆಬ್ರವರಿಯಲ್ಲಿ ಕ್ಷಯದಿಂದ ತೀರಿಕೊಂಡಳು, 23 ವರ್ಷಕ್ಕೆ. ಮರುವರ್ಷ ಕಾದಂಬರಿ ಬಂತು. 1852ರಲ್ಲಿ ಅವರೇ ಅದನ್ನು ನಾಟಕ ಮಾಡಿದರು. ಈಗ ಇಬ್ಬರ ಸಮಾಧಿಯೂ ಪ್ಯಾರಿಸ್ಸಿನ ಮೊಂಮಾರ್ತ್ರ್ ಸ್ಮಶಾನದಲ್ಲಿಯೇ ಇದೆ.

ಹಾಗಾಗಿ ನಾನು ಹೇಳುವುದು ಇಷ್ಟು. ಕಥೆ ಉಳಿದರೆ ಸಾಕು ಅಂತ ಅರ್ಮಾನ್‌ಗೆ ಹೇಳಿ ನೋಡಿ. ಅವನಿಗೆ ಬೇಕಾಗಿದ್ದು ಕಥೆ ಅಲ್ಲ, ಆ ಮುಖ.

ಹೊಸಬ 77

ಓದುಗಿ ಮೇಡಂ, ತುಂಬಾ ಚೆನ್ನಾಗಿ ಬರೆದಿದ್ದೀರಿ. ಒಂದು ಸಣ್ಣ ಪ್ರಶ್ನೆ. ಥೀಡಾ ಬಾರಾ ಅಂದರೆ ಯಾರು? ಹೆಸರೇ ಮೊದಲ ಸಲ ಕೇಳುತ್ತಿದ್ದೇನೆ.

ಬೆಳ್ಳಿತೆರೆ ಪ್ರೇಮಿ

ಹೊಸಬ ಅವರೇ, ನಿಮಗೆ ಅವರ ಹೆಸರು ಗೊತ್ತಿಲ್ಲದಿದ್ದರೂ ಅವರಿಂದ ಬಂದ ಒಂದು ಪದ ಗೊತ್ತಿದೆ. ನಮ್ಮ ಸಿನಿಮಾದವರು ‘ವ್ಯಾಂಪ್ ಪಾತ್ರ’ ಅನ್ನುತ್ತಾರಲ್ಲ, ಗಂಡಸರನ್ನು ಮರುಳು ಮಾಡಿ ಹಾಳು ಮಾಡುವವಳು, ಆ ಪದ ಮನೆಮಾತಾಗಿದ್ದು ಬಾರಾ ಅವರ 1915ರ ಚಿತ್ರದಿಂದ. ‘ಎ ಫೂಲ್ ದೇರ್ ವಾಸ್’ ಅಂತ ಅದರ ಹೆಸರು. ಅದರಲ್ಲಿ ಅವರ ಪಾತ್ರಕ್ಕೆ ಹೆಸರೇ ಇಲ್ಲ, ಬರೀ ‘ವ್ಯಾಂಪೈರ್’. ಅದನ್ನೇ ಜನ ಮೊಟಕು ಮಾಡಿ ‘ವ್ಯಾಂಪ್’ ಅಂದರು.

ಹುಟ್ಟಿದ್ದು 1885ರಲ್ಲಿ, ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ. ನಿಜವಾದ ಹೆಸರು ಥಿಯೊಡೋಸಿಯಾ ಗುಡ್‌ಮನ್. ಅಪ್ಪ ದರ್ಜಿ. ಆದರೆ ಫಾಕ್ಸ್‌ನ ಪ್ರಚಾರದವರು ಅವರನ್ನು ಈಜಿಪ್ಟಿನ ಮರಳುಗಾಡಿನಲ್ಲಿ ಹುಟ್ಟಿದವಳು ಅಂತ ಸಾರಿದರು. ತಲೆಬುರುಡೆ, ಅಸ್ಥಿಪಂಜರದ ಜೊತೆ ಕೂರಿಸಿ ಫೋಟೋ ತೆಗೆದರು. ಥೀಡಾ ಬಾರಾ ಅನ್ನುವ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಅದಲುಬದಲು ಮಾಡಿದರೆ ‘ಅರಬ್ ಸಾವು’ ಅಂತ ಬರುತ್ತದೆ ಅಂತಲೂ ಹಬ್ಬಿಸಿದರು.

ಅವರು ಮಾಡಿದ್ದು ಸುಮಾರು 40 ಚಿತ್ರ. ಪೂರ್ತಿಯಾಗಿ ಉಳಿದಿರುವುದು ಬೆರಳೆಣಿಕೆಯಷ್ಟು. ಉಳಿದವುಗಳಲ್ಲಿ ಎಲ್ಲರೂ ನೋಡುವುದು ಆ ವ್ಯಾಂಪ್ ಚಿತ್ರವನ್ನೇ. ಅದರ ಕೊನೆಯ ದೃಶ್ಯ ನಾನು ನಾಲ್ಕೈದು ಸಲ ನೋಡಿದ್ದೇನೆ. ಹಾಳಾಗಿ ಬಿದ್ದಿರುವ ಗಂಡಸಿನ ಮೈಮೇಲೆ ಅವರು ಹೂವಿನ ಎಸಳು ಉದುರಿಸುತ್ತಾರೆ. ಅವಸರವಿಲ್ಲ. ಬೆರಳ ತುದಿಯಿಂದ ಒಂದೊಂದೇ ಎಸಳು ಜಾರುತ್ತದೆ. ಮುಖದಲ್ಲಿ ನಗು.

ಓದುಗಿ ಮೇಡಂ ಬರೆದಿದ್ದು ಓದಿದ ಮೇಲೆ ನನಗೆ ಉತ್ತರ ಹೊಳೆಯಿತು. ಮಾರ್ಗರೀತ್ ಈ ವ್ಯಾಂಪ್‌ಗೆ ಪೂರ್ತಿ ಉಲ್ಟಾ. ಅವಳೂ ಜನ ಬಾಯಿಗೆ ಬಂದಂತೆ ಆಡಿಕೊಳ್ಳುವ ಹೆಣ್ಣೇ. ಆದರೆ ಕೊನೆಗೆ ಹಾಳಾಗುವವಳು ಅವಳು, ಗಂಡಸಲ್ಲ. ಮಗನನ್ನು ಬಿಟ್ಟುಬಿಡು ಅಂತ ಅರ್ಮಾನ್‌ನ ಅಪ್ಪ ಬಂದು ಕೇಳಿಕೊಂಡಿದ್ದಕ್ಕೆ ತನ್ನ ಸುಖವನ್ನೇ ಬಿಟ್ಟುಕೊಡುತ್ತಾಳೆ. ಯಾಕೆ ಬಿಟ್ಟೆ ಅಂತ ಅವನಿಗೆ ಹೇಳುವುದೂ ಇಲ್ಲ. ವ್ಯಾಂಪ್ ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ನಟಿಯೇ ಆ ಪಾತ್ರ ಮಾಡಿದ್ದರು. 1916ರಲ್ಲಿ ಜೂಲಿಯಟ್ ಕೂಡ ಮಾಡಿದ್ದರು. ಅದೂ ಇಲ್ಲ. ಹೂವು ಉದುರಿಸಿ ನಗುವವಳು ಉಳಿದಳು. ಹೂವು ಹಿಡಿದು ಅಳುವವಳು ಹೋದಳು. ಅದಕ್ಕೇ ಇವತ್ತಿಗೂ ಬಾರಾ ಅಂದರೆ ವ್ಯಾಂಪ್, ಅಷ್ಟೇ. ಆ ಹಣೆಪಟ್ಟಿ ತಪ್ಪು ಅಂತ ತೋರಿಸಬಹುದಾದ ಸಾಕ್ಷಿಯೇ ನಮ್ಮ ಕೈಯಲ್ಲಿ ಇಲ್ಲ.

ಹೊಸಬ 77

ಧನ್ಯವಾದ ಸರ್. ‘ವ್ಯಾಂಪ್’ ಎಲ್ಲಿಂದ ಬಂತು ಅಂತ ಇವತ್ತು ಗೊತ್ತಾಯಿತು.

ಕೆಮಿಸ್ಟ್ರಿ ಮೇಷ್ಟ್ರು

ಹೇಗೆ ಹೋಯಿತು ಅನ್ನುವುದನ್ನೂ ಹೇಳಬೇಕು.

ಆ ಕಾಲದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು. ಗನ್ ಕಾಟನ್ ಅಂತ ಸ್ಫೋಟಕ ಇದೆಯಲ್ಲ, ಅದರ ಹತ್ತಿರದ ನೆಂಟ. ಉರಿಯುವುದಕ್ಕೆ ಹೊರಗಿನ ಗಾಳಿ ಬೇಕಿಲ್ಲ, ಆಮ್ಲಜನಕ ಅದರೊಳಗೇ ಇದೆ. ಒಮ್ಮೆ ಹೊತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. ಇನ್ನೊಂದು ತೊಂದರೆ, ಬೆಂಕಿ ಇಲ್ಲದೆಯೂ ಅದು ಕೊಳೆಯುತ್ತದೆ. ಮೊದಲು ಚಿತ್ರ ಮಾಸುತ್ತದೆ. ಆಮೇಲೆ ಅಂಟಂಟಾಗುತ್ತದೆ, ಗುಳ್ಳೆ ಏಳುತ್ತದೆ. ಕೊನೆಗೆ ಡಬ್ಬದಲ್ಲಿ ಕಂದು ಪುಡಿ. ಕೊಳೆಯುವಾಗ ತಾನೇ ಬಿಸಿ ಹುಟ್ಟಿಸುತ್ತದೆ, ಹೊರಡುವ ಅನಿಲ ಪಕ್ಕದ ರೀಲನ್ನೂ ಕೆಡಿಸುತ್ತದೆ. ಹಾಗೆ ಕೆಟ್ಟ ರೀಲು ನಮ್ಮ ರಾಯಚೂರು, ಕಲಬುರಗಿಯ ಬೇಸಿಗೆಯಷ್ಟು ಸೆಕೆಗೇ ತಾನಾಗಿ ಹೊತ್ತಿಕೊಳ್ಳಬಹುದು.

1937ರ ಜುಲೈ 9. ನ್ಯೂಜೆರ್ಸಿಯ ಲಿಟಲ್ ಫೆರಿ ಅನ್ನುವ ಊರು. ಫಾಕ್ಸ್ ತನ್ನ ಹಳೆಯ ಚಿತ್ರಗಳನ್ನು ಇಟ್ಟಿದ್ದ ಗೋದಾಮು ಅಲ್ಲಿತ್ತು. ಇಟ್ಟಿಗೆ, ಕಾಂಕ್ರೀಟಿನ ಕಟ್ಟಡ. ಬೆಂಕಿ ತಗಲುವುದಿಲ್ಲ ಅಂತ ನಂಬಿದ್ದರು. ಆದರೆ ಒಳಗೆ ಗಾಳಿಯಾಡುವ ಸರಿಯಾದ ವ್ಯವಸ್ಥೆ ಇರಲಿಲ್ಲ, ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರಲಿಲ್ಲ. ಆ ವಾರ ವಿಪರೀತ ಸೆಕೆ. ಬೆಳಗಿನ ಜಾವ ಎರಡು ಗಂಟೆ ಸುಮಾರಿಗೆ ಒಳಗಿನ ಫಿಲ್ಮು ಹೊತ್ತಿಕೊಂಡಿತು. ಒಂದಾದ ಮೇಲೊಂದು ಕೋಣೆ ಸಿಡಿಯಿತು. 40,000ಕ್ಕೂ ಹೆಚ್ಚು ರೀಲುಗಳು ಹೋದವು. ಸುತ್ತ ಮನೆಗಳಿದ್ದವು. ಬೆಂಕಿಯ ನಾಲಗೆ ಅಲ್ಲಿವರೆಗೂ ಚಾಚಿತು, 13 ವರ್ಷದ ಒಬ್ಬ ಹುಡುಗ ಸುಟ್ಟಗಾಯದಿಂದ ಸತ್ತ. ಚಿತ್ರಗಳ ದುಃಖ ಹೇಳುವಾಗ ಆ ಹುಡುಗನನ್ನು ಬಿಡಬಾರದು.

ಬಾರಾ ಅವರು ಫಾಕ್ಸ್‌ಗೆ ಮಾಡಿದ ಚಿತ್ರಗಳಲ್ಲಿ ಬಹುಪಾಲು ಆ ರಾತ್ರಿಗೇ ಕೈಬಿಟ್ಟು ಹೋದವು. ಆಮೇಲೆ ಏನು ಮಾಡಿದರು ಗೊತ್ತಾ? ಸುಟ್ಟ ಫಿಲ್ಮನ್ನು 57 ಲಾರಿ ಲೋಡಿನಲ್ಲಿ ಸಾಗಿಸಿ ಅದರ ಲೇಪದಲ್ಲಿದ್ದ ಬೆಳ್ಳಿ ತೆಗೆದರು. ಒಂದು ಡಬ್ಬಕ್ಕೆ ಸಿಕ್ಕಿದ್ದು ಸುಮಾರು 5 ಸೆಂಟಿನ ಬೆಳ್ಳಿ.

ಓದುಗಿ ಧಾರವಾಡ

5 ಸೆಂಟು. ಮತ್ತೆ ಅದೇ ಹರಾಜು, ಮೇಷ್ಟ್ರೇ.

ಬಾರಾ ಆಗ ಬದುಕಿದ್ದರು ಅಲ್ವಾ?

ಬೆಳ್ಳಿತೆರೆ ಪ್ರೇಮಿ

ಹೌದು ಮೇಡಂ. ಆಗ 51 ವರ್ಷ. ಸಿನಿಮಾ ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ತೀರಿಕೊಂಡಿದ್ದು 1955ರ ಏಪ್ರಿಲ್‌ನಲ್ಲಿ. ತಮ್ಮ ಕೆಲಸ ಸುಟ್ಟುಹೋದ ಮೇಲೂ ಸುಮಾರು 18 ವರ್ಷ ಬದುಕಿದ್ದರು. ಗಾರ್ಬೋ ಅವರ ಕಮೀಲ್ ಥಿಯೇಟರಿಗೆ ಬಂದ ಕೆಲವೇ ತಿಂಗಳಿಗೆ ಆ ಬೆಂಕಿ ಬಿದ್ದಿದ್ದು. ಅದನ್ನು ಯೋಚಿಸಿದಾಗೆಲ್ಲ ಹೊಟ್ಟೆಯಲ್ಲಿ ಒಂಥರಾ ಸಂಕಟ ಆಗುತ್ತದೆ.

ನ್ಯೂಜೆರ್ಸಿ ಕನ್ನಡಿಗ

ನಾನು ಇರುವುದು ಲಿಟಲ್ ಫೆರಿಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ ದೂರ. ಹ್ಯಾಕೆನ್ಸಾಕ್ ನದಿ ಪಕ್ಕದ ಸಣ್ಣ ಊರು ಅದು. ಆ ದಾರಿಯಲ್ಲಿ ನೂರಾರು ಸಲ ಓಡಾಡಿದ್ದೇನೆ. ಈ ಬೆಂಕಿಯ ವಿಷಯ ಗೊತ್ತೇ ಇರಲಿಲ್ಲ. ಮೇಷ್ಟ್ರು ಬರೆದಿದ್ದು ಓದಿ ನಿನ್ನೆ ಸಂಜೆ ಆ ಕಡೆಗೆ ಹೋಗಿಬಂದೆ. ಸಾಲು ಮನೆಗಳು, ಮುಂದೆ ಹುಲ್ಲು, ಸೈಕಲ್ ಹೊಡೆಯುವ ಮಕ್ಕಳು. ಹುಡುಗನ ನೆನಪಾಯಿತು.

ಅಲ್ಲಿಂದ ನಾಲ್ಕೈದು ಮೈಲಿಗೆ ಫೋರ್ಟ್ ಲೀ. ಹಾಲಿವುಡ್ ಬೆಳೆಯುವ ಮುಂಚೆ ಅಮೆರಿಕದ ಸಿನಿಮಾದವರ ಊರು ಅದೇ ಆಗಿತ್ತು. ಫಾಕ್ಸ್ ಸ್ಟುಡಿಯೊ ಅಲ್ಲಿತ್ತು, ಬಾರಾ ಅವರು ತಮ್ಮ ಹಲವು ಚಿತ್ರ ಮಾಡಿದ್ದೂ ಅಲ್ಲೇ. ಹಡ್ಸನ್ ನದಿಯ ಆಚೆ ನ್ಯೂಯಾರ್ಕ್. ಆಗ ಜಾರ್ಜ್ ವಾಷಿಂಗ್ಟನ್ ಸೇತುವೆ ಇರಲಿಲ್ಲ, ನಟನಟಿಯರು ದೋಣಿಯಲ್ಲಿ ದಾಟಿ ಬರುತ್ತಿದ್ದರು. 2022ರಲ್ಲಿ ಆ ಊರಿನವರು ಬ್ಯಾರಿಮೋರ್ ಅನ್ನುವ ನಟರ ಮನೆತನದ ಹೆಸರಿನಲ್ಲಿ ಸಿನಿಮಾ ಕೇಂದ್ರ ತೆರೆದಿದ್ದಾರೆ. ಈ ಕಡೆ ಬಂದವರು ತಪ್ಪದೆ ನೋಡಿ.

ಕಾಫಿತೋಟ

ನಾನು ಮೊದಲು ಹೇಳಿದ ಮಾತನ್ನು ಸ್ವಲ್ಪ ಬದಲಿಸಬೇಕು. ಬೆಳ್ಳಿತೆರೆ ಅವರು ಹೇಳಿದ ‘ಸಾಕ್ಷಿ’ ಮಾತು ನನಗೆ ತಾಗಿತು. ಕಥೆ ಬೇರೆ, ಆ ನಟಿಯ ಕೆಲಸ ಬೇರೆ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಆದರೆ ಒಂದು ಅನುಮಾನ. ಅಷ್ಟು ದೊಡ್ಡ ಚಿತ್ರ ಅಂದರೆ ನೂರಾರು ಊರಿಗೆ ಪ್ರಿಂಟ್ ಹೋಗಿರಬೇಕಲ್ವಾ? ನೆಗೆಟಿವ್ ಸುಟ್ಟರೂ ಒಂದು ಪ್ರಿಂಟ್ ಕೂಡ ಉಳಿಯಲಿಲ್ಲ ಅಂದರೆ ಹೇಗೆ? ಕಾಪಿರೈಟ್ ಕಚೇರಿಯಲ್ಲಾದರೂ ಒಂದು ಇರಬೇಡವಾ?

ಕೆಮಿಸ್ಟ್ರಿ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಕಾಪಿರೈಟಿಗೆ ಅಂತ ಪ್ರಿಂಟ್ ಕಳಿಸುತ್ತಿದ್ದರು, ನಿಜ. ಆದರೆ ಕಾಪಿರೈಟ್ ಕಚೇರಿ ಇರುವ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ, ಲೈಬ್ರರಿ ಆಫ್ ಕಾಂಗ್ರೆಸ್‌ನವರು ನೈಟ್ರೇಟ್ ಅಂದರೆ ಬೆಂಕಿ ಅಂತ ಹೆದರಿ ಕಂಪನಿಗೇ ವಾಪಸ್ ಕೊಡುತ್ತಿದ್ದರು. ಕಥೆಯ ಸಾರಾಂಶ ಬರೆದ ಕಾಗದ ಮಾತ್ರ ಇಟ್ಟುಕೊಳ್ಳುತ್ತಿದ್ದರು. ಕಾಗದ ಉಳಿಯಿತು, ಚಿತ್ರ ಉಳಿಯಲಿಲ್ಲ.

ಊರೂರಿಗೆ ಹೋದ ಪ್ರಿಂಟುಗಳೂ ಬಾಡಿಗೆಯವು. ಓಡಿ ಓಡಿ ಸವೆದ ಮೇಲೆ ಕಂಪನಿಗೆ ವಾಪಸ್ ಹೋಗಬೇಕು. ಅಲ್ಲಿ ಕರಗಿಸಿ ಬೆಳ್ಳಿ ತೆಗೆಯುತ್ತಿದ್ದರು. ಟಾಕಿ ಬಂದ ಮೇಲಂತೂ ಮೂಕಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಗೋದಾಮಿನ ಬಾಡಿಗೆ ದಂಡ ಅನ್ನಿಸಿತು. ಯಾರೋ ಒಬ್ಬರ ಕೆಟ್ಟತನ ಅಲ್ಲ ಇದು. ಮತ್ತೆ ಯಾರಾದರೂ ನೋಡುತ್ತಾರೆ ಅಂತ ಯಾರಿಗೂ ಅನ್ನಿಸಲಿಲ್ಲ.

2013ರಲ್ಲಿ ಅದೇ ಲೈಬ್ರರಿ ಲೆಕ್ಕ ಹಾಕಿಸಿತು. 1912ರಿಂದ 1929ರವರೆಗೆ ಅಮೆರಿಕದಲ್ಲಿ ಬಂದ ಪೂರ್ಣ ಪ್ರಮಾಣದ ಮೂಕಿ ಚಿತ್ರಗಳು 10,919. ಅವುಗಳಲ್ಲಿ ಬಿಡುಗಡೆಯಾದ ರೂಪದಲ್ಲೇ, ಮೂಲ ಅಳತೆಯ ಫಿಲ್ಮಿನಲ್ಲಿ ಪೂರ್ತಿ ಉಳಿದಿರುವುದು 14%. ನೂರಕ್ಕೆ ಹದಿನಾಲ್ಕು.

ರೀಲ್ ಡಬ್ಬ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ನಮ್ಮ ಮಾವ ಟೆಂಟ್ ಸಿನಿಮಾದಲ್ಲಿ ಆಪರೇಟರ್ ಆಗಿದ್ದರು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇಪ್ಪತ್ತೆರಡು ವರ್ಷ ಸಿನಿಮಾ ಓಡಿಸಿದರು. ಅವರು ಹೋದ ಮೇಲೆ ಅಟ್ಟ ಗುಡಿಸುವಾಗ ಗೋಣಿಚೀಲದಲ್ಲಿ ಸುತ್ತಿದ ಮೂರು ತಗಡಿನ ಡಬ್ಬ ಸಿಕ್ಕವು. ಒಂದರ ಮುಚ್ಚಳ ತುಕ್ಕು ಹಿಡಿದು ಕೂತಿತ್ತು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದೆ. ಘಾಟು ಅಂದರೆ ಘಾಟು. ಉಪ್ಪಿನಕಾಯಿ ಕೆಟ್ಟ ಹಾಗೆ, ವಿನೆಗರ್ ಹಾಗೆ, ಕಣ್ಣಲ್ಲಿ ನೀರು ಬಂತು. ರೀಲಿನ ಅಂಚು ಹಪ್ಪಳದ ಹಾಗೆ ಮುರುಟಿಕೊಂಡಿತ್ತು. ಹೊರಗಿನ ಒಂದು ಸುತ್ತು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಒಬ್ಬಳು ಹೆಣ್ಣುಮಗಳು ಬಾವಿಕಟ್ಟೆ ಹತ್ತಿರ ನಿಂತಿದ್ದಾಳೆ. ಮುಂದಿನ ಚೌಕದಲ್ಲೂ ಅವಳೇ. ಅದರ ಮುಂದಿನದರಲ್ಲಿ ಕತ್ತು ಸ್ವಲ್ಪ ಈ ಕಡೆ ತಿರುಗಿದೆ. ಅಲ್ಲಿಗೆ ಫಿಲ್ಮು ಒಂದಕ್ಕೊಂದು ಅಂಟಿಕೊಂಡಿತ್ತು. ಎಳೆದರೆ ಹರಿಯುತ್ತೆ ಅಂತ ಬಿಟ್ಟೆ.

ಮಾವ ಒಂದು ಮಾತು ಹೇಳುತ್ತಿದ್ದರು. ಹಳೆ ರೀಲನ್ನು ಗುಜರಿಯವರು ತೂಕಕ್ಕೆ ಒಯ್ಯುತ್ತಿದ್ದರಂತೆ. ಬೆಳ್ಳಿ ತೆಗೆದು, ಉಳಿದ ಪಟ್ಟಿಯಲ್ಲಿ ಬಳೆ ಮಾಡುತ್ತಿದ್ದರಂತೆ. ಈ ಮೂರನ್ನು ಯಾಕೆ ಇಟ್ಟುಕೊಂಡರೋ, ನಾವು ಕೇಳಲಿಲ್ಲ. ಆ ಹೆಣ್ಣುಮಗಳು ಯಾರು ಅಂತ ನನಗೆ ಗೊತ್ತಿಲ್ಲ. ಅವಳು ಪೂರ್ತಿ ತಿರುಗಿದಾಗ ಮುಖ ಹೇಗಿತ್ತು ಅಂತ ದಿನಾ ಅನ್ನಿಸುತ್ತದೆ. ಬಾರಾ ಅವರ ವಿಷಯ ಓದಿದಾಗ ಅದೇ ನೆನಪಾಯಿತು.

ಓದುಗಿ ಧಾರವಾಡ

ರೀಲ್ ಡಬ್ಬ ಅವರೇ, ನಿಮ್ಮ ಬರಹ ಓದಿ ಎರಡು ನಿಮಿಷ ಹಾಗೇ ಕೂತಿದ್ದೆ.

ನಮ್ಮ ಮೊದಲ ಟಾಕಿ ‘ಸತಿ ಸುಲೋಚನ’ದ ಗತಿಯೂ ಅದೇ ಅಲ್ವಾ? 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆ ಆಯಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನ, ನಾಗೇಂದ್ರರಾಯರ ರಾವಣ. ಹೆಸರುಗಳೆಲ್ಲ ಬಾಯಿಗೆ ಬರುತ್ತವೆ. ನಾಗೇಂದ್ರರಾಯರನ್ನು ಮುಂದಿನ ಎಷ್ಟೋ ಚಿತ್ರಗಳಲ್ಲಿ ನೋಡಿದ್ದೇವೆ. ಆ ರಾವಣನನ್ನು ನೋಡುವ ಭಾಗ್ಯ ಇಲ್ಲ.

ಬೆಳ್ಳಿತೆರೆ ಪ್ರೇಮಿ

ಆಸೆ ಪೂರ್ತಿ ಬಿಡಬೇಡಿ. ಸಿಕ್ಕಿರುವ ಉದಾಹರಣೆಗಳೂ ಇವೆ. 1978ರಲ್ಲಿ ಕೆನಡಾದ ಡಾಸನ್ ಸಿಟಿಯಲ್ಲಿ ನೆಲ ಅಗೆಯುವಾಗ 500ಕ್ಕೂ ಹೆಚ್ಚು ರೀಲು ಸಿಕ್ಕವು. ಚಿನ್ನ ಅಗೆಯುವವರ ಊರು ಅದು, ಭೂಪಟದ ತುದಿಯಲ್ಲಿದೆ. ಸಿನಿಮಾ ಅಲ್ಲಿ ತಲುಪುವಷ್ಟರಲ್ಲಿ ಎರಡು ಮೂರು ವರ್ಷ ಹಳೆಯದಾಗಿರುತ್ತಿತ್ತು. ವಾಪಸ್ ಕಳಿಸುವ ಖರ್ಚು ಯಾರಿಗೂ ಬೇಕಿರಲಿಲ್ಲ. ಹಳೆಯ ಈಜುಕೊಳ ಮುಚ್ಚುವಾಗ ಮಣ್ಣಿನ ಜೊತೆ ರೀಲನ್ನೂ ತುಂಬಿದ್ದರು. ಅಲ್ಲಿನ ಹಿಮ ಕಾಪಾಡಿತು.

ಫಾಕ್ಸ್‌ನದ್ದೇ ಚಿತ್ರಗಳೂ ಸಿಕ್ಕಿವೆ. ಜಾನ್ ಫೋರ್ಡ್ ಅವರ 1927ರ ‘ಅಪ್‌ಸ್ಟ್ರೀಮ್’ ನ್ಯೂಜಿಲೆಂಡಿನ ಸಂಗ್ರಹದಲ್ಲಿತ್ತು. ಜಾನ್ ಗಿಲ್ಬರ್ಟ್ ಮಾಡಿದ 1922ರ ‘ಮಾಂಟೆ ಕ್ರಿಸ್ಟೋ’ವನ್ನೂ ಹೋಯಿತು ಅಂತ ಬಿಟ್ಟಿದ್ದರು. ಅದು ಚೆಕ್ ದೇಶದಲ್ಲಿ ಸಿಕ್ಕಿತು. ಅಪ್ಪ ಡ್ಯೂಮಾ ಅವರ ಕಾದಂಬರಿ ಸಿಕ್ಕಿದೆ, ಮಗನದ್ದು ಬಾಕಿ. ಎಲ್ಲವೂ ಸಿಗುವುದು ತುದಿಯ ಊರುಗಳಲ್ಲಿ, ವಾಪಸ್ ಕಳಿಸಲು ಮರೆತವರ ಮನೆಯಲ್ಲಿ. ನಿಮ್ಮ ಮಾವನಂಥವರ ಅಟ್ಟದಲ್ಲಿ.

ಕೆಮಿಸ್ಟ್ರಿ ಮೇಷ್ಟ್ರು

ರೀಲ್ ಡಬ್ಬ ಅವರೇ, ದಯವಿಟ್ಟು ಆ ಮೂರು ಡಬ್ಬ ಅಟ್ಟದಿಂದ ಇಳಿಸಿ. ವಿನೆಗರ್ ವಾಸನೆ ಅಂದರೆ ಅದು ಅಸಿಟೇಟ್ ಫಿಲ್ಮು, ನೈಟ್ರೇಟಿನ ಹಾಗೆ ಸಿಡಿಯುವುದಿಲ್ಲ. ಆದರೂ ಅಂಚಿನಲ್ಲಿ ‘ಸೇಫ್ಟಿ’ ಅಂತ ಇಂಗ್ಲಿಷಿನಲ್ಲಿ ಇದೆಯಾ ನೋಡಿ. ಬಿಚ್ಚಲು ಹೋಗಬೇಡಿ. ಬಿಸಿಲು ತಾಗದ, ತೇವ ಇಲ್ಲದ, ಮನೆಯಲ್ಲೇ ಜಾಸ್ತಿ ತಂಪಿರುವ ಮೂಲೆಯಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ವಾಸನೆ ಬರುವ ಡಬ್ಬವನ್ನು ಉಳಿದ ಎರಡರಿಂದ ದೂರ ಇಡಿ, ಅದರ ಆಮ್ಲ ಪಕ್ಕದ್ದನ್ನೂ ಹಾಳು ಮಾಡುತ್ತದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆಯಿರಿ. ಡಬ್ಬದ ಮೇಲೆ ಚೀಟಿ ಏನಾದರೂ ಇದೆಯಾ?

ರೀಲ್ ಡಬ್ಬ

ಒಂದರ ಮೇಲೆ ಚೀಟಿ ಇದೆ ಮೇಷ್ಟ್ರೇ, ಮಾವನ ಕೈಬರಹ. ಗೆದ್ದಲು ಅರ್ಧ ತಿಂದಿದೆ. ‘7ನೇ ರೀಲು’ ಅಂತ ಕಾಣುತ್ತದೆ, ಅದರ ಮೇಲಿನ ಸಾಲು ಮಸುಕು. ನಾನು ಬೆಂಗಳೂರಿನಲ್ಲಿದ್ದೇನೆ, ಭಾನುವಾರ ಊರಿಗೆ ಹೋಗುತ್ತೇನೆ. ಅಲ್ಲಿವರೆಗೆ ಅಟ್ಟದಿಂದ ಇಳಿಸಿ ದೇವರ ಮನೆ ಪಕ್ಕದ ಕತ್ತಲೆ ಕೋಣೆಯಲ್ಲಿ ಇಡಲು ಅತ್ತೆಗೆ ಫೋನ್ ಮಾಡಿ ಹೇಳಿದೆ. ವಾಸನೆ ಬರುವುದನ್ನು ಬೇರೆ ಇಡಿ ಅಂತಲೂ ಹೇಳಿದ್ದೇನೆ. ಚೀಟಿಯ ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ. ಓದಲು ಬಂದವರು ಹೇಳಿ.